ಮುಖ್ಯ ಅತಿಥಿಯ ಹದಿನೆಂಟು ನಿಮಿಷ

ನಮ್ಮ ಜನಕ್ಕೆ ಒಬ್ಬ ಮನುಷ್ಯನನ್ನು ಇದ್ದದ್ದು ಇದ್ದ ಹಾಗೆ ಪರಿಚಯ ಮಾಡಿಕೊಡಲು ಬರುವುದೇ ಇಲ್ಲ. ಈ ಮಾತನ್ನು ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಸಿಟ್ಟು ಇಳಿಯಲಿ ಅಂತ ಕಾದು ಕೂತರೆ ಇದನ್ನು ಬರೆಯುವುದೇ ಆಗುವುದಿಲ್ಲ. ಕ್ಯಾಲಿಫೋರ್ನಿಯಾದ ಲಿವರ್‌ಮೋರಿನ ನಮ್ಮ ಪುಟ್ಟ ಕನ್ನಡ ಸಂಘದ ವೇದಿಕೆ ಹತ್ತಿದ ಮುಖ್ಯ ಅತಿಥಿಗಳಲ್ಲಿ ಒಬ್ಬರಾದರೂ ಸಾಮಾನ್ಯರು ಇದ್ದದ್ದನ್ನು ನಾನು ಕಂಡಿಲ್ಲ. ಹಲ್ಲಿನ ಡಾಕ್ಟರು ಬಂದರೆ ‘ದಂತವೈದ್ಯ ಲೋಕದ ಧ್ರುವತಾರೆ’. ಮೈಸೂರಿನಲ್ಲಿ ಕಾಲೇಜು ತಂಡಕ್ಕೆ ಶಟಲ್ ಆಡಿ, ಇಲ್ಲಿ ಫ್ರೀಮಾಂಟಿನಲ್ಲಿ ಭಾನುವಾರ ಮೈ ಇಳಿಸಲು ಆಡುತ್ತಿದ್ದವರೊಬ್ಬರು ‘ಅಂತಾರಾಷ್ಟ್ರೀಯ ಕ್ರೀಡಾಪಟು’ ಆದರು. ಎರಡು ದೇಶದಲ್ಲಿ ಆಡಿದ್ದಾರಲ್ಲ, ಅದಕ್ಕೆ! ಅವರು ಬೇಡ ಅನ್ನಲಿಲ್ಲ, ಕೂತವರು ನಗಲಿಲ್ಲ. ಪರಿಚಯ ಭಾಷಣವೂ ಹಾರದ ಹಾಗೆಯೇ. ಹಾಕಿಸಿಕೊಂಡು, ಫೋಟೋ ತೆಗೆಸಿಕೊಂಡು, ಕುರ್ಚಿಯ ಬೆನ್ನಿಗೆ ನೇತುಹಾಕಿ ಊಟಕ್ಕೆ ಹೋಗುವುದು. ಅದನ್ನು ಯಾರೂ ನಿಜ ಅಂತ ಮನೆಗೆ ಒಯ್ಯುವುದಿಲ್ಲ.

ಆದರೆ ಒಬ್ಬರ ಕೊರಳಿಗೆ ನಾವು ಹಾಕಿದ್ದು ಅವರ ಊರಿನ ತನಕ ಹೋಯಿತು. ಬೊಲಿವಿಯಾ ದೇಶದ ಆಂಡೀಸ್ ಪರ್ವತಗಳ ನಡುವೆ ಒಂದು ಕಣಿವೆ, ಆ ಕಣಿವೆಯ ತುಂಬ ಹರಡಿಕೊಂಡ ಊರು. ಕೊಚಬಾಂಬಾ ಅಂತ ಹೆಸರು. ಹೋದ ವರ್ಷದ ತನಕ ಆ ಹೆಸರನ್ನು ನಾನು ಕೇಳಿಯೇ ಇರಲಿಲ್ಲ. ಈಗ ಅಲ್ಲಿ ನನ್ನಿಂದ ಒಬ್ಬರ ಮಾನ ಹೋಗಿದೆ.

ಅವರು ನನ್ನ ಹನ್ನೆರಡು ವರ್ಷದ ಮಗಳ ಸಾಕರ್ ಕೋಚ್. ನಾವು ಫುಟ್‌ಬಾಲ್ ಅನ್ನುವುದಕ್ಕೆ ಇಲ್ಲಿ ಸಾಕರ್ ಅನ್ನುತ್ತಾರೆ. ಐವತ್ತರ ಹತ್ತಿರದ ವಯಸ್ಸು, ಗಿಡ್ಡ ಆಳು, ಬಲಗಾಲು ತುಸು ಎಳೆದು ನಡೆಯುತ್ತಾರೆ. ಹಗಲು ಕಿಟಕಿಗೆ ಗಾಜು ಕೂರಿಸುವ ಕೆಲಸ. ಮಂಗಳವಾರ, ಗುರುವಾರ ಸಂಜೆ ಹುಡುಗಿಯರಿಗೆ ಆಟ ಕಲಿಸುತ್ತಾರೆ. ನಾನು ಪಾಲೋ ಆಲ್ಟೋದ ಆಫೀಸಿನಿಂದ ಹೊರಟು, ಸೇತುವೆ ದಾಟಿ, ಎರಡು ಫ್ರೀವೇ ಬದಲಿಸಿ, ಮುಂದಿನ ಕಾರಿನ ಕೆಂಪು ದೀಪ ನೋಡಿ ನೋಡಿ ತಲೆ ಕೆಟ್ಟು ಮೈದಾನ ಮುಟ್ಟುವಷ್ಟರಲ್ಲಿ ಉಳಿದ ಮಕ್ಕಳೆಲ್ಲ ಹೋಗಿ ನನ್ನ ಮಗಳೊಬ್ಬಳೇ ಉಳಿದಿರುತ್ತಿದ್ದಳು. ಕೋಚ್ ಅವಳ ಜೊತೆ ಚೆಂಡು ಒದೆಯುತ್ತ ಕಾಯುತ್ತಿದ್ದರು. ಒಂದು ದಿನವೂ ಗಡಿಯಾರ ನೋಡಿದವರಲ್ಲ, ಮುಖ ಗಂಟು ಹಾಕಿದವರಲ್ಲ. “ಪರವಾಗಿಲ್ಲ ಸಿನ್ಯೋರಾ, ಇವತ್ತು ಎಡಗಾಲಲ್ಲಿ ಹೊಡೆಯೋದು ಕಲಿತಳು” ಅನ್ನುತ್ತಿದ್ದರು. ಸಿನ್ಯೋರಾ ಅಂದರೆ ಅವರ ಭಾಷೆಯಲ್ಲಿ ಅಮ್ಮಾವ್ರೆ ಅಂದ ಹಾಗೆ. ನಾವಿಬ್ಬರೂ ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ. ಅವರದು ಸ್ಪ್ಯಾನಿಷ್ ವಾಸನೆಯ ಇಂಗ್ಲಿಷು, ನನ್ನದು ಹುಬ್ಬಳ್ಳಿಯದು.

ಹೀಗೆ ಕಾಯುವಾಗಲೇ ಒಮ್ಮೆ ಹೇಳಿದ್ದರು, ಜನವರಿಗೆ ಊರಿಗೆ ವಾಪಸ್ ಹೋಗುತ್ತಿದ್ದೇನೆ ಅಂತ. ಚಿಕ್ಕಂದಿನಲ್ಲಿ ಅವರು ಆಡಿ ಬೆಳೆದ ಕ್ಲಬ್ಬು ಅದೇ ಊರಿನಲ್ಲಿದೆ. ಅಲ್ಲಿ ಮಕ್ಕಳ ತಂಡಗಳಿಗೆ ಮುಖ್ಯ ಕೋಚ್ ಬೇಕಾಗಿತ್ತು. ಒಂದು ವರ್ಷದಿಂದ ಮಾತುಕತೆ ನಡೆದು, ಕ್ಲಬ್ಬಿನ ಆಡಳಿತದವರ ಸಹಿ ಒಂದು ಬಾಕಿ ಇತ್ತು. ಅಲ್ಲಿ ಎಂಬತ್ತು ದಾಟಿದ ತಾಯಿ ಇದ್ದಾರೆ, ಅಕ್ಕಂದಿರು ಇದ್ದಾರೆ. ಇಪ್ಪತ್ತು ವರ್ಷ ಬೇರೆಯವರ ಕಿಟಕಿ ಕೂರಿಸಿದ್ದು ಸಾಕು, ಇನ್ನು ನನ್ನ ಮೈದಾನಕ್ಕೆ ಹೋಗುತ್ತೇನೆ ಅಂದರು. ನಮ್ಮ ಹುಡುಗಿಯರಿಗೆ ಇದು ಗೊತ್ತಾದ ದಿನ ಎಲ್ಲರೂ ಕಣ್ಣು ಕೆಂಪು ಮಾಡಿಕೊಂಡು ಮನೆಗೆ ಬಂದಿದ್ದರು.

ಈ ನಡುವೆ ಸಂಘದ ಕ್ರೀಡಾ ದಿನ ಬಂತು. ಕ್ರೀಡಾ ಸಮಿತಿಗೆ ನಾನೇ ಸಂಚಾಲಕಿ. ಬೇರೆ ಯಾರೂ ಕೈ ಎತ್ತಲಿಲ್ಲ, ಅದಕ್ಕೆ ನಾನು. ಮುಖ್ಯ ಅತಿಥಿ ಯಾರು ಅನ್ನುವ ಪ್ರಶ್ನೆ ಎದ್ದಾಗ ನನ್ನ ಮಗಳ ಕೋಚ್ ತಮ್ಮ ದೇಶದ ತಂಡದಲ್ಲಿ ಇದ್ದವರು ಅಂದೆ. ಅಧ್ಯಕ್ಷರ ಕಣ್ಣು ಅರಳಿತು. ಬೆಂಗಳೂರಿನವರು, ಕಂಪನಿಯಲ್ಲಿ ಮ್ಯಾನೇಜರು, ಮೈಕು ಕಂಡರೆ ಪ್ರಾಣ. “ಸೂಪರ್ ಮೇಡಂ! ಕರೀರಿ, ಕರೀರಿ. ಬಯೋಡೇಟಾ ಒಂದು ಇಸ್ಕೊಂಡ್ಬಿಡಿ” ಅಂದರು.

ಕೋಚ್ ಮೊದಲು ಒಪ್ಪಲಿಲ್ಲ. ನಾನು ದೊಡ್ಡ ಆಟಗಾರ ಅಲ್ಲ ಸಿನ್ಯೋರಾ ಅಂದರು. ನಾನು ಬಿಡಬೇಕಲ್ಲ! ಹತ್ತು ಸಲ ಹೇಳಿ ಒಪ್ಪಿಸಿದೆ. ಕೊನೆಗೆ ಗಾಜಿನ ಅಳತೆ ಬರೆಯುವ ಚೀಟಿಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಮೂರು ಸಾಲು ಬರೆದುಕೊಟ್ಟರು. ಕೊಚಬಾಂಬಾದಲ್ಲಿ ಹುಟ್ಟಿದ್ದು. ರಾಷ್ಟ್ರೀಯ ತಂಡಕ್ಕೆ ಹನ್ನೊಂದು ಬಾರಿ ಕರೆ ಬಂದದ್ದು. ಆಡಿದ್ದು ಒಂದು ಪಂದ್ಯ, ವಿಶ್ವಕಪ್ಪಿನ ಅರ್ಹತಾ ಸುತ್ತು, ಹದಿನೆಂಟು ನಿಮಿಷ.

“ಹದಿನೆಂಟು ನಿಮಿಷ ಅಷ್ಟೇನಾ?” ಅಂದುಬಿಟ್ಟೆ. ನನ್ನ ನಾಲಿಗೆಗೆ ಮೂಳೆ ಇಲ್ಲ.

ಅವರು ಬೇಸರ ಮಾಡಿಕೊಳ್ಳಲಿಲ್ಲ. ವ್ಯಾನಿನ ಹಿಂಬಾಗಿಲು ತೆರೆದು ಅಲ್ಲೇ ಕೂತು ಹೇಳಿದರು. ಹತ್ತು ಸಲ ಕರೆ ಬಂದಿತ್ತು, ಹತ್ತು ಸಲವೂ ಚೀಲ ಹೊತ್ತು ಹೋಗಿ ಬೆಂಚಿನ ಮೇಲೆ ಕೂತು ಬಂದಿದ್ದರು. ಹನ್ನೊಂದನೆಯ ಸಲ ರಾಜಧಾನಿಯಲ್ಲಿ ಪಂದ್ಯ. ಆ ಮೈದಾನ ಹನ್ನೆರಡು ಸಾವಿರ ಅಡಿ ಎತ್ತರದಲ್ಲಿದೆಯಂತೆ. ಹೊರಗಿನ ತಂಡಗಳು ಅಲ್ಲಿ ಉಸಿರು ಸಿಗದೆ ಒದ್ದಾಡುತ್ತವೆ. ಬೊಲಿವಿಯಾದವರು ಗೆದ್ದರೆ ಗಾಳಿ ಗೆದ್ದಿತು, ನೀವಲ್ಲ ಅಂತ ಲೋಕವೆಲ್ಲ ಆಡಿಕೊಳ್ಳುತ್ತದೆ. “ನಾನು ಕಣಿವೆಯವನು. ನಮ್ಮೂರು ಆ ಮೈದಾನಕ್ಕಿಂತ ಮೂರೂವರೆ ಸಾವಿರ ಅಡಿ ಕೆಳಗೆ. ನನಗೂ ಅಲ್ಲಿ ಎದೆ ಉರಿಯುತ್ತದೆ. ಆ ಗಾಳಿ ನನ್ನ ಕಡೆಗೂ ಇರಲಿಲ್ಲ” ಅಂದರು. ತೊಂಬತ್ತು ನಿಮಿಷದ ಆಟದಲ್ಲಿ ಎಪ್ಪತ್ತೆರಡನೆಯ ನಿಮಿಷಕ್ಕೆ ಇವರನ್ನು ಮೈದಾನಕ್ಕೆ ಇಳಿಸಿದರು. ಒಂಬತ್ತು ಸಲ ಚೆಂಡು ಕಾಲಿಗೆ ಸಿಕ್ಕಿತು. ಒಂದು ಸಲ ಎದುರಿನವನ ಕಾಲಿನಿಂದ ಕಿತ್ತುಕೊಂಡು ಗೋಲು ತಪ್ಪಿಸಿದರು. ಪಂದ್ಯ ಸಮ ಆಯಿತು. ಮುಂದಿನ ತಿಂಗಳು ಕ್ಲಬ್ಬಿನ ಆಟದಲ್ಲಿ ಮಂಡಿ ಹೋಯಿತು, ಮತ್ತೆ ಕರೆ ಬರಲಿಲ್ಲ.

ಅಷ್ಟು ಹೇಳಿ ಅವರು ಊರಿನ ಮಾತಿಗೆ ಬಂದರು. ಊರ ಸುತ್ತ ಬೆಟ್ಟ, ಒಂದು ಗುಡ್ಡದ ಮೇಲೆ ಕೈ ಚಾಚಿ ನಿಂತ ದೊಡ್ಡ ಏಸುವಿನ ಮೂರ್ತಿ, ವರ್ಷವಿಡೀ ಹಿತವಾದ ಹವೆ, ಮೂರು ಹೊತ್ತೂ ತಿನ್ನುವುದರ ಬಗ್ಗೆಯೇ ಮಾತಾಡುವ ಜನ. ಪಂದ್ಯದ ಮರುದಿನ ಬಸ್ಸಿಳಿದು ಊರ ಸಂತೆಯೊಳಗೆ ಹಾದು ಮನೆಗೆ ನಡೆಯುತ್ತಿದ್ದರಂತೆ. ಪೀಚ್ ಹಣ್ಣು ಮಾರುವ ಮುದುಕಿಯೊಬ್ಬಳು ಕೂಗಿ ಕರೆದು ಚೀಲದ ತುಂಬ ಹಣ್ಣು ತುಂಬಿಸಿ, “ಹದಿನೆಂಟು ನಿಮಿಷ ಕೊಟ್ಟರು, ಹದಿನೆಂಟೂ ಓಡಿದೆ ನೀನು” ಅಂದಳಂತೆ. ಆ ಊರಿನಲ್ಲಿ ಇವತ್ತಿಗೂ ಅವರನ್ನು ಬಲ್ಲವರಿಗೆ ಆ ಲೆಕ್ಕ ಬಾಯಿಪಾಠ. ಹೇಳುವಾಗ ಅವರ ಮುಖ ಅಷ್ಟು ಚೆನ್ನಾಗಿತ್ತು.

ಇಷ್ಟನ್ನೆಲ್ಲ ಕೇಳಿಸಿಕೊಂಡು ಬಂದವಳು ನಾನು. ಮನೆಗೆ ಬಂದು ಚಹಾಕ್ಕಿಟ್ಟು, ಆ ಮೂರು ಸಾಲನ್ನು ಅಧ್ಯಕ್ಷರಿಗೆ ಕಳಿಸಲು ಫೋನಿನಲ್ಲಿ ಟೈಪ್ ಮಾಡುತ್ತ ಕೊನೆಯ ಸಾಲಿಗೆ ಬಂದಾಗ ನನ್ನ ಬೆರಳು ನಿಂತಿತು. ಒಂದು ಪಂದ್ಯ, ಹದಿನೆಂಟು ನಿಮಿಷ. ಸಮಿತಿಯವರು ಓದಿ ಏನಂದಾರು? ಇವಳು ಎಂಥವರನ್ನು ಹುಡುಕಿಕೊಂಡು ಬಂದಳು ಅಂದರೆ? ಅಳಿಸಿದೆ. ‘ರಾಷ್ಟ್ರೀಯ ತಂಡಕ್ಕೆ ಹನ್ನೊಂದು ಬಾರಿ, ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಆಡಿದವರು’ ಅಂತ ಬರೆದು ಕಳಿಸಿದೆ. ಒಂದಕ್ಷರವೂ ಸುಳ್ಳಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಎರಡು ದಿನಕ್ಕೆ ಕಾರ್ಯಕ್ರಮದ ಫ್ಲೈಯರ್ ಫೋನಿಗೆ ಬಂತು. ಮೇಲೆ ಕನ್ನಡದಲ್ಲಿ, ಕೆಳಗೆ ಇಂಗ್ಲಿಷಿನಲ್ಲಿ, ಕಾಮನಬಿಲ್ಲಿನ ಬಣ್ಣದಲ್ಲಿ: ‘ವಿಶ್ವಕಪ್ ತಾರೆ ನಮ್ಮ ಅಂಗಳದಲ್ಲಿ! ಹನ್ನೊಂದು ಅಂತಾರಾಷ್ಟ್ರೀಯ ಪಂದ್ಯಗಳ ವೀರ!’ ನಡುವೆ ಕೋಚ್ ನಗುತ್ತಿರುವ ಫೋಟೋ, ಹಿಂದೆ ಎಲ್ಲಿಂದಲೋ ತಂದು ಅಂಟಿಸಿದ ಚಿನ್ನದ ಕಪ್ಪು. ಕೂಡಲೇ ಅಧ್ಯಕ್ಷರಿಗೆ ಫೋನ್ ಹಚ್ಚಿದೆ.

“ಏನ್ರೀ ಸರ್ ಇದು? ಅರ್ಹತಾ ಪಂದ್ಯ ಅಂತ ಬರದಿದ್ನೆಲ್ರೀ. ವಿಶ್ವಕಪ್ ಯಾವಾಗ ಆಡ್ಯಾರ ಅವರು?”

“ಅಯ್ಯೋ ಮೇಡಂ, ಕ್ವಾಲಿಫೈಯರೂ ವರ್ಲ್ಡ್ ಕಪ್ಪಿಂದೇ ತಾನೆ? ಜಾಗ ಸಾಲ್ಲಿಲ್ಲ, ಅದೊಂದು ವರ್ಡ್ ತೆಗ್ದೆ.”

“ಹನ್ನೊಂದು ಪಂದ್ಯ ಅಲ್ರೀ. ಹನ್ನೊಂದು ಸರ್ತಿ ಕರದಿದ್ರು, ಅಷ್ಟ.”

“ಕರೆದ್ಮೇಲೆ ಆಡಿಸ್ದೆ ಸುಮ್ನೆ ಕೂರಿಸ್ತಾರಾ? ಎಷ್ಟು ಮ್ಯಾಚ್ ಅಂತ ನೀವು ಬೇರೆ ಏನೂ ಬರ್ದಿಲ್ವಲ್ಲ ಮೇಡಂ.”

ಬರೆದಿರಲಿಲ್ಲ, ನಿಜ. ಬರೆದು ಅಳಿಸಿದ್ದೆ ಅಂತ ಹೇಳಬಹುದಿತ್ತು. ಹೇಳಲಿಲ್ಲ. ಫೋನ್ ಇಟ್ಟು ಗಂಡನ ಮೇಲೆ ಹರಿಹಾಯ್ದೆ. ಮೈಸೂರಿನ ಮನುಷ್ಯ, ಮನೆಗೆ ಬೆಂಕಿ ಬಿದ್ದರೂ ಕಾಫಿ ಮುಗಿಸಿ ಏಳುವ ಜಾತಿ. “ಬಿಡೇ, ಅದನ್ನ ಯಾರು ಓದ್ತಾರೆ? ಕೆಳಗೆ ಊಟಕ್ಕೆ ಏನಿದೆ ಅಂತ ನೋಡ್ಕೊಂಡು ಬರ್ತಾರೆ ಜನ” ಅಂದರು. ಮಗಳು ಮಾತ್ರ ಫ್ಲೈಯರನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿ, ಕೋಚ್ ವಿಶ್ವಕಪ್ ಆಡಿಲ್ಲವಲ್ಲ ಅಮ್ಮ, ನಮಗೇ ಹೇಳಿದ್ದಾರೆ ಅಂತ ಇಂಗ್ಲಿಷಿನಲ್ಲಿ ಅಂದಳು. “ನೀ ಹೋಂವರ್ಕ್ ಮಾಡ್ಹೋಗು” ಅಂದೆ.

ಕ್ರೀಡಾ ದಿನ ಒಂದು ಶಾಲೆಯ ಹಾಲಿನಲ್ಲಿ ಸಮಾರೋಪ. ಕೋಚ್ ಇಸ್ತ್ರಿ ಮಾಡಿದ ನೀಲಿ ಸೂಟು ಹಾಕಿಕೊಂಡು, ಅರ್ಧ ಗಂಟೆ ಮುಂಚೆಯೇ ಬಂದಿದ್ದರು. ನಮ್ಮವರು ಬಂದದ್ದು ಅದರ ಮೇಲೆ ಒಂದು ಗಂಟೆಗೆ. ವೇದಿಕೆಯ ಹಿಂದಿನ ಬ್ಯಾನರನ್ನು ನೋಡಿ ಅವರು ನನ್ನನ್ನು ಪಕ್ಕಕ್ಕೆ ಕರೆದರು.

“ಸಿನ್ಯೋರಾ, ಇದು ಸರಿಯಿಲ್ಲ. ನಾನು ಬರೆದುಕೊಟ್ಟದ್ದು ಹೀಗಲ್ಲ.”

“ನಮ್ಮ ಅಧ್ಯಕ್ಷರು ಹಾಗೇ ಕೋಚ್, ಎಲ್ಲ ದೊಡ್ಡದು ಮಾಡುತ್ತಾರೆ. ಇದು ನಮ್ಮ ಕಡೆಯ ಪದ್ಧತಿ. ಯಾರೂ ನಿಜ ಅಂದುಕೊಳ್ಳುವುದಿಲ್ಲ.”

“ನಿಜ ಅಂದುಕೊಳ್ಳದಿದ್ದರೆ ಯಾಕೆ ಬರೆಯುತ್ತಾರೆ?”

ಅಷ್ಟರಲ್ಲಿ ಅವರನ್ನು ವೇದಿಕೆಗೆ ಕರೆದರು. ತಲೆಗೆ ಜರಿಯ ಮೈಸೂರು ಪೇಟ, ಹೆಗಲಿಗೆ ಶಾಲು, ಕೈಗೆ ಹಣ್ಣಿನ ಬುಟ್ಟಿ, ಕೊರಳಿಗೆ ಗಂಧದ ಹಾರ. ಅಧ್ಯಕ್ಷರ ಪರಿಚಯ ಭಾಷಣ ಇಪ್ಪತ್ತು ನಿಮಿಷ ನಡೆಯಿತು. ಅವರು ಆಡಿದ್ದಕ್ಕಿಂತ ಎರಡು ನಿಮಿಷ ಹೆಚ್ಚು. ‘ಆಂಡೀಸ್ ಗಿರಿಶಿಖರಗಳಿಂದ ಧುಮ್ಮಿಕ್ಕಿದ ಪ್ರತಿಭೆಯ ಜಲಪಾತ’ ಅಂದರು. ಕಣಿವೆಯ ಊರಿನ ಮನುಷ್ಯನನ್ನು ಶಿಖರದಿಂದ ದಬ್ಬಿದ್ದರು. ಕನ್ನಡ ಬಾರದ ಕೋಚ್ ಬುಟ್ಟಿ ಹಿಡಿದುಕೊಂಡು ನೆಟ್ಟಗೆ ಕೂತಿದ್ದರು.

ಅವರ ಸರದಿ ಬಂದಾಗ ಮೈಕಿನ ಮುಂದೆ ನಿಂತು ಪೇಟವನ್ನು ಎರಡೂ ಕೈಯಿಂದ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ಒಂದೊಂದೇ ಮಾತು ಬಿಡಿಸಿ ಇಂಗ್ಲಿಷಿನಲ್ಲಿ ಹೇಳಿದರು. “ನಾನು ನನ್ನ ದೇಶಕ್ಕೆ ಆಡಿದ್ದು ಒಂದೇ ಪಂದ್ಯ. ಹದಿನೆಂಟು ನಿಮಿಷ. ವಿಶ್ವಕಪ್ಪಿನಲ್ಲಿ ನಾನು ಆಡಿಲ್ಲ. ಹಿಂದೆ ಬರೆದಿರುವುದು ತಪ್ಪು. ನಿಮ್ಮ ಮಕ್ಕಳು ಚೆನ್ನಾಗಿ ಆಡುತ್ತಾರೆ. ಧನ್ಯವಾದ.”

ಸದ್ಯ, ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಅಧ್ಯಕ್ಷರು ಓಡಿಬಂದು ಮೈಕು ಕಸಿದುಕೊಂಡರು.

“ನೋಡಿದ್ರಾ? ಇದನ್ನ ಕಲೀಬೇಕು ನಾವು! ಅಷ್ಟು ದೊಡ್ಡ ಪ್ಲೇಯರ್, ಹದಿನೆಂಟೇ ನಿಮಿಷ ಅಂತಾರೆ. ಎಂಥಾ ವಿನಯ! ಎಂಥಾ ಸರಳತೆ!”

ಚಪ್ಪಾಳೆಯೋ ಚಪ್ಪಾಳೆ. ಮುಂದಿನ ಸಾಲಿನವರು ಎದ್ದೇ ನಿಂತರು. ಮನುಷ್ಯ ನಿಂತು ಬಾಯಿಬಿಟ್ಟು ನಿಜ ಹೇಳಿದರೆ ಅದನ್ನೂ ಗುಣ ಅಂತ ಹೊಗಳಿ ಮುಚ್ಚಿಹಾಕುವ ಜನ ಇನ್ನೆಲ್ಲಾದರೂ ಇದ್ದಾರೆಯೇ? ಕೋಚ್ ಇಳಿದು ಬಂದು, ಜನರಿಗೆ ಅರ್ಥವಾಯಿತಾ ಅಂತ ನನ್ನನ್ನು ಕೇಳಿದರು. ಆಯಿತು ಅಂದೆ. ಅವರು ನಿರಾಳವಾಗಿ ಬಿಸಿಬೇಳೆಬಾತು ಹಾಕಿಸಿಕೊಂಡು ಬೆವರು ಒರೆಸಿಕೊಳ್ಳುತ್ತ ತಿಂದರು.

ಪೇಟ ತೊಟ್ಟ ಕೋಚ್, ಹಿಂದೆ ಇಂಗ್ಲಿಷ್ ಬ್ಯಾನರು, ಆ ಫೋಟೋವನ್ನು ಸಂಘದವರು ಫೇಸ್‌ಬುಕ್ಕಿಗೆ ಹಾಕಿದರು. ಓಕ್‌ಲ್ಯಾಂಡಿನಲ್ಲಿರುವ ಕೋಚಿನ ಸೋದರತ್ತೆಯ ಮಗಳು ಪೇಟದ ಚೆಂದ ನೋಡಿ ಊರಿನ ನೆಂಟರಿಗೆ ಕಳಿಸಿದಳು. ಅಲ್ಲಿಂದ ಹಳೆಯ ತಂಡದವರಿಗೆ, ಅಲ್ಲಿಂದ ಊರಿಗೆಲ್ಲ.

ಎರಡು ವಾರದ ಮೇಲೆ ಒಂದು ಗುರುವಾರ ಕೋಚ್ ಫೋನನ್ನು ನನ್ನ ಕೈಗೆ ಕೊಟ್ಟರು. ಫೋಟೋದ ಕೆಳಗೆ ಸ್ಪ್ಯಾನಿಷಿನಲ್ಲಿ ಸಾಲು ಸಾಲು ಬರಹ, ನಗುವ ಮುಖಗಳು. ಅವರೇ ಓದಿ ಹೇಳಿದರು. “ಇದು ನನ್ನ ಜೊತೆ ಬೆಂಚಿನ ಮೇಲೆ ಕೂರುತ್ತಿದ್ದವನು. ಅಮೆರಿಕಕ್ಕೆ ಹೋದ ಮೇಲೆ ವಿಶ್ವಕಪ್ ಸಿಕ್ಕಿತಂತೆ, ಕಿರೀಟವೂ ಸಿಕ್ಕಿತಂತೆ ಅಂದಿದ್ದಾನೆ. ಇದು ನಮ್ಮ ಬೀದಿಯ ಕಟಿಂಗ್ ಅಂಗಡಿಯವನು. ಇದು ನನಗೆ ಗೊತ್ತಿಲ್ಲದ ಹುಡುಗ.” ತಾಯಿ ಫೋನ್ ಮಾಡಿ, ಸುಳ್ಳು ಹೇಳುವುದನ್ನು ಯಾರು ಕಲಿಸಿದರೋ ನಿನಗೆ, ನಾನಂತೂ ಕಲಿಸಿಲ್ಲ ಅಂದರಂತೆ. ಕ್ಲಬ್ಬಿನವರು ಜಗಳವಾಡಿರಲಿಲ್ಲ. ನಿಮ್ಮ ವಿಷಯವನ್ನು ಇನ್ನೊಮ್ಮೆ ಯೋಚಿಸಬೇಕಾಗಿದೆ, ಮಕ್ಕಳಿಗೆ ಕಲಿಸುವ ಜಾಗ ಇದು ಅಂತ ಎರಡು ಸಾಲು ಬರೆದಿದ್ದರು.

“ಅದು ನಿಮ್ಮ ಪದ್ಧತಿ ಅಂತ ನಾನು ಅವರಿಗೆ ಹೇಳಿದೆ. ಯಾವ ಜನ ಹಾಗೆ ಮಾಡುತ್ತಾರೆ ಅಂತ ಕೇಳಿದರು. ನೀವು ಒಂದು ಕಾಗದ ಕೊಡಿ ಸಿನ್ಯೋರಾ. ತಪ್ಪು ನಿಮ್ಮ ಸಂಘದ್ದು, ನನ್ನದಲ್ಲ ಅಂತ.”

ಅಷ್ಟೇ ಕೇಳಿದ್ದು ಆ ಮನುಷ್ಯ, ಒಂದು ಕಾಗದ! ಅದಕ್ಕೆ ನಾನು ಪಟ್ಟ ಪಾಡು ನಾಯಿಗೂ ಬೇಡ. ಅಧ್ಯಕ್ಷರಿಗೆ ಫೋನ್ ಮಾಡಿದರೆ, “ಹೊಗಳಿದ್ದಕ್ಕೂ ಅಪಾಲಜಿನಾ ಮೇಡಂ? ಯಾರಾದ್ರೂ ಕೇಳಿದ್ರೆ ನಗ್ತಾರೆ” ಅಂದರು. ಮೀಟಿಂಗಿನಲ್ಲಿ ಇಡಿ ಅಂದೆ. ಭಾನುವಾರ ಬೆಳಿಗ್ಗೆ ಕಂಪ್ಯೂಟರಿನಲ್ಲಿ ಎಂಟು ಚೌಕದಲ್ಲಿ ಎಂಟು ಮುಖ. ಒಬ್ಬರು ಮಗಳನ್ನು ಡೇಕೇರಿನ ಗೆಳತಿಯ ಹುಟ್ಟುಹಬ್ಬಕ್ಕೆ ಕರೆದೊಯ್ಯುತ್ತ ಕಾರಿನಿಂದಲೇ. ಮುಕ್ಕಾಲು ಗಂಟೆ ದೀಪಾವಳಿ ಊಟದ ಕೇಟರಿಂಗ್ ಚರ್ಚೆ ಆಯಿತು, ಹೋಳಿಗೆ ಬಿಸಿ ಇರಬೇಕೋ ಬೇಡವೋ ಅಂತ. ನನ್ನ ವಿಷಯಕ್ಕೆ ಐದು ನಿಮಿಷ.

“ಒಬ್ಬರ ನೌಕರಿ ಹೊಂಟೈತ್ರೀ! ಮೂವತ್ತು ವರ್ಷದ ಮ್ಯಾಲೆ ಊರಿಗೆ ಹೋಗ್ಬೇಕಂತ ಕುಂತಾರ. ನಿಮಗ ಹೋಳಿಗಿ ಚಿಂತಿ ಆಗೇದ!” ಅಂತ ಚೀರಿದೆ. ಆ ಸಿಟ್ಟಿನಲ್ಲಿ ಇಪ್ಪತ್ತು ವರ್ಷ ಮೂವತ್ತಾಗಿತ್ತು. ನಾನೂ ಆ ಎಂಟು ಚೌಕದಲ್ಲಿ ಒಬ್ಬಳೇ ತಾನೆ. ಆಯ್ತು ಮೇಡಂ, ಟೆನ್ಷನ್ ಮಾಡ್ಕೋಬೇಡಿ, ನಾನೇ ಡ್ರಾಫ್ಟ್ ಮಾಡ್ತೀನಿ ಅಂದರು ಅಧ್ಯಕ್ಷರು.

ಹತ್ತು ದಿನ ಸತಾಯಿಸಿದ ಮೇಲೆ ಸಂಘದ ಲೆಟರ್‌ಹೆಡ್ಡಿನಲ್ಲಿ ಕಾಗದ ಬಂತು. ‘ಕಾಲ್ಚೆಂಡಿನ ಮಹಾನ್ ಸಾಧಕರೂ ವಿಶ್ವವಿಖ್ಯಾತ ತರಬೇತುದಾರರೂ ಆದ ಇವರ ಸಾಧನೆಯನ್ನು ಪಂದ್ಯಗಳ ಸಂಖ್ಯೆಯಲ್ಲಿ ಅಳೆಯಲಾಗದು. ಅಚ್ಚಿನ ಸಣ್ಣ ದೋಷವೊಂದರಿಂದ...’ ಮುಂದೆ ಓದಲಿಲ್ಲ. ಇಂಗ್ಲಿಷಿನಲ್ಲಿ ಇತ್ತು, ಆದರೂ ಕೈ ನಮ್ಮದೇ. ತಪ್ಪಾಯಿತು ಅಂತ ಬರೆಯಲು ಕೂತವರು ಅದೇ ತಪ್ಪನ್ನು ಶಾಯಿಯಲ್ಲಿ ಇನ್ನೊಮ್ಮೆ ಮಾಡಿ ಸಹಿ ಹಾಕಿ ಕಳಿಸಿದ್ದರು. ಇದನ್ನು ಆ ಕ್ಲಬ್ಬಿಗೆ ಕಳಿಸಿದರೆ ಕೋಚ್ ಕಥೆ ಅಲ್ಲಿಗೆ ಮುಗಿದಂತೆ. ಅಡುಗೆಮನೆಯಲ್ಲಿ ನಿಂತು ಆ ಕಾಗದವನ್ನು ಚೂರು ಚೂರು ಮಾಡಿದೆ. ಗಂಡ ಬಾಗಿಲಿಗೆ ಬಂದು ನೋಡಿ ಮೆಲ್ಲಗೆ, “ನೀನೇ ಬರೆದ್ರಾಯ್ತಲ್ಲ?” ಅಂದರು.

ನಾನೇ ಬರೆದರೆ ಆಯಿತಲ್ಲ! ಮೂರು ವಾರ ಅಧ್ಯಕ್ಷರನ್ನು, ಸಮಿತಿಯನ್ನು, ಇಡೀ ಕನ್ನಡ ಕುಲವನ್ನು ಬೈದುಕೊಂಡು ತಿರುಗಿದ್ದೆ, ಇದೊಂದನ್ನು ಬಿಟ್ಟು. ನಾನು ಬರೆದರೆ ಅಳಿಸಿದ ಸಾಲಿನ ಮಾತು ಬರೆಯಬೇಕಾಗುತ್ತಿತ್ತು. ಕೂತು ಬರೆದೆ. ‘ಒಂದು ಪಂದ್ಯ, ಹದಿನೆಂಟು ನಿಮಿಷ ಆಡಿದ್ದಾಗಿ ಇವರು ತಮ್ಮ ಕೈಯಾರೆ ನನಗೆ ಬರೆದುಕೊಟ್ಟಿದ್ದರು. ಆ ಸಾಲನ್ನು ತೆಗೆದವಳು ನಾನು. ಮುಂದಿನ ಸುಳ್ಳೆಲ್ಲ ಅಲ್ಲಿಂದ ಹುಟ್ಟಿತು. ವೇದಿಕೆಯ ಮೇಲೆ ಇವರು ಎಲ್ಲರೆದುರು ನಿಜ ಹೇಳಿದರು. ನಾವು ಕೇಳಿಸಿಕೊಳ್ಳಲಿಲ್ಲ.’ ಕೆಳಗೆ ನನ್ನ ಸಹಿ. ಆಫೀಸಿನಲ್ಲಿ ಸ್ಪ್ಯಾನಿಷ್ ಮನೆಮಾತಿನ ಸಹೋದ್ಯೋಗಿಯೊಬ್ಬಳು ಊಟದ ಹೊತ್ತಿನಲ್ಲಿ ಅದನ್ನು ಅವಳ ಭಾಷೆಗೆ ತಿರುಗಿಸಿಕೊಟ್ಟಳು.

ಕಳಿಸುವ ಮುಂಚೆ ಕೋಚಿಗೆ ತೋರಿಸಬೇಕಾಗಿತ್ತು. ಆ ಮಂಗಳವಾರ ಮಧ್ಯಾಹ್ನವೇ ಆಫೀಸಿನಿಂದ ಹೊರಟು, ಜೀವನದಲ್ಲಿ ಮೊದಲ ಸಲ ಪ್ರಾಕ್ಟೀಸಿಗೆ ಮುಂಚೆ ಮೈದಾನ ಮುಟ್ಟಿದೆ. ಅವರು ವ್ಯಾನಿನಿಂದ ಚೆಂಡಿನ ಚೀಲ ಇಳಿಸುತ್ತಿದ್ದರು. ಚೀಲ ಕೆಳಗಿಟ್ಟು ಕಾಗದವನ್ನು ಎರಡು ಸಲ ಓದಿದರು.

“ನೀವಾ?”

“ನಾನೇ.”

“ನಿಮ್ಮ ಅಧ್ಯಕ್ಷರು ಅಂದುಕೊಂಡಿದ್ದೆ. ನೀವು ಹಾಗೆ ಹೇಳಿದ್ದಿರಿ.”

“ಹೌದು, ಹೇಳಿದ್ದೆ.”

“ಯಾಕೆ ತೆಗೆದಿರಿ?”

ದಾರಿಯುದ್ದಕ್ಕೂ ಏನೇನೋ ಕಟ್ಟಿಕೊಂಡು ಬಂದಿದ್ದೆ. ಒಂದೂ ನೆನಪಾಗಲಿಲ್ಲ. “ನನಗೆ ಅದು ತೀರಾ ಸಣ್ಣದು ಅನ್ನಿಸಿತು ಕೋಚ್. ಜನ ಏನಂದುಕೊಂಡಾರು ಅಂತ ನಾಚಿಕೆ ಆಯಿತು” ಅಂದೆ. ಕಣ್ಣಲ್ಲಿ ನೀರು ಬಂತು, ಅದಕ್ಕೂ ನನ್ನ ಮೇಲೆ ಸಿಟ್ಟು ಬಂತು.

ಅವರು ಕಾಗದವನ್ನು ಮಡಿಕೆ ಸರಿಮಾಡಿ ನನ್ನ ಕೈಗೆ ವಾಪಸ್ ಕೊಟ್ಟರು. ದನಿ ಏರಿಸಲಿಲ್ಲ. “ಸಿನ್ಯೋರಾ, ಆ ಹದಿನೆಂಟು ನಿಮಿಷದ ಬಗ್ಗೆ ನನಗೆ ಯಾವತ್ತೂ ನಾಚಿಕೆ ಆಗಿರಲಿಲ್ಲ. ಈ ತಿಂಗಳೇ ಮೊದಲು.”

ಅವರು ಸಿಟ್ಟಾಗಿ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕಳಿಸಿ, ಬರೆದಿರುವುದು ನಿಜ ಅಂತಷ್ಟೇ ಅಂದು ಚೀಲ ಹೆಗಲಿಗೇರಿಸಿ ಹುಡುಗಿಯರ ಕಡೆ ಹೋದರು. ನಾನು ಅಲ್ಲೇ ಕಾರಿನಲ್ಲಿ ಕೂತು ಫೋನಿನಿಂದ ಕಳಿಸಿದೆ.

ಉತ್ತರ ಬರಲು ಮೂರು ವಾರ ಹಿಡಿಯಿತು. ಅಷ್ಟು ದಿನ ನಾನು ಫ್ರೀವೇಯಲ್ಲಿ ಬಂದಷ್ಟೂ ಹೊತ್ತು ಆ ಕ್ಲಬ್ಬಿನವರ ಜೊತೆ ಮನಸ್ಸಿನಲ್ಲೇ ವಾದ ಮಾಡಿದೆ, ಬೇಡಿಕೊಂಡೆ, ಬೈದೆ. ಬಂದದ್ದು ಕೋಚಿನ ಫೋನಿಗೆ. ಪ್ರಾಕ್ಟೀಸು ಮುಗಿಯುವ ಹೊತ್ತಿಗೆ ನನ್ನ ಕಾರಿನ ಕಿಟಕಿಗೆ ಬಂದು ಓದಿ ಹೇಳಿದರು. ಸಿನ್ಯೋರಾ ಅವರ ಕಾಗದಕ್ಕೆ ಧನ್ಯವಾದ. ವಿಷಯ ತಿಳಿಯಿತು. ನಿಮ್ಮ ಮೇಲೆ ಇದ್ದ ಗೌರವ ಹಾಗೇ ಇದೆ. ಆದರೆ ಆ ಜಾಗಕ್ಕೆ ಹೋದ ತಿಂಗಳೇ ಬೇರೊಬ್ಬರನ್ನು ತೆಗೆದುಕೊಂಡಾಗಿದೆ.

ಹೋದ ತಿಂಗಳು ಅಂದರೆ ನಾನು ಹತ್ತು ದಿನ ಅಧ್ಯಕ್ಷರ ಕಾಗದಕ್ಕೆ ಕಾದು ಕೂತಿದ್ದ ತಿಂಗಳು. ಮೊದಲ ದಿನವೇ ಬರೆದಿದ್ದರೆ? “ಇನ್ನೇನು ಮಾಡುತ್ತೀರಿ ಕೋಚ್?” ಅಂದೆ.

“ಸೋಮವಾರ ಎಮರಿವಿಲ್ಲಿನಲ್ಲಿ ಒಂದು ದೊಡ್ಡ ಕಟ್ಟಡ ಇದೆ, ನಲವತ್ತು ಕಿಟಕಿ” ಅಂದು, ಮೈದಾನದಲ್ಲಿ ಉಳಿದ ಚೆಂಡುಗಳನ್ನು ಆರಿಸಲು ಹೋದರು.

ಮಗಳು ಬಂದು ಕಾರಿನಲ್ಲಿ ಕೂತಳು. ಕೋಚ್ ಏನಂದರು, ಹೊರಡುವ ದಿನ ಗೊತ್ತಾಯಿತಾ ಅಂತ ಇಂಗ್ಲಿಷಿನಲ್ಲಿ ಕೇಳಿದಳು.

“ಇಲ್ಲ. ಅವರು ಹೋಗಂಗಿಲ್ಲ. ಇಲ್ಲೇ ಇರ್ತಾರ” ಅಂದೆ.

“ನಿಜ್ಜಾ?” ಅಂದಳು. ಅಪರೂಪಕ್ಕೆ ಕನ್ನಡದಲ್ಲಿ. ನಾನು ತಡೆಯುವ ಮೊದಲೇ ಬಾಗಿಲು ತೆರೆದು ಚೀರುತ್ತ ಓಡಿದಳು. ಹೊರಟಿದ್ದ ಹುಡುಗಿಯರೆಲ್ಲ ಅವರವರ ಕಾರಿನಿಂದ ಇಳಿದು ಓಡಿಬಂದು ಕೋಚನ್ನು ಸುತ್ತುಗಟ್ಟಿದರು. ಕೈ ಕೈ ಹಿಡಿದುಕೊಂಡು ಅವರ ಸುತ್ತ ಕುಣಿದರು, ಅವರ ಹೆಸರು ಹಿಡಿದು ಕೂಗಿದರು. ಅವರು ನಡುವೆ ಚೆಂಡಿನ ಚೀಲ ಹಿಡಿದು ನಿಂತು, ಮಕ್ಕಳ ಮುಖ ನೋಡಿ, ನಗಲು ಪ್ರಯತ್ನಪಟ್ಟರು. ನಾನು ಕಾರಿನಿಂದ ಇಳಿಯಲಿಲ್ಲ.